ನೂರ ನಲವತ್ತೇಳು ಜನ

ಅಬಾನುವೆ ದ್ವೀಪ,
೧೪ ಮಾರ್ಚ್ ೧೯೯೬, ಗುರುವಾರ

ಪ್ರೀತಿಯ ಇಟಾಕಾ ಅಣ್ಣನಿಗೆ,

ಹೇಗಿದ್ದೀಯ? ಹಡಗಿನಲ್ಲಿ ಸರಿಯಾಗಿ ಊಟ ಮಾಡುತ್ತಿದ್ದೀಯಾ? ಎಂಜಿನ್ ಕೋಣೆಯ ಬಿಸಿಗೆ ನಿನ್ನ ಬೆನ್ನಿನ ಮೇಲೆ ಏಳುತ್ತಿದ್ದ ಗುಳ್ಳೆ ವಾಸಿಯಾಯಿತೇ? ಅಮ್ಮನಿಗೆ ಮಂಡಿನೋವು ಬಿಟ್ಟರೆ ಬೇರೇನಿಲ್ಲ. ನಿನ್ನ ಮಗಳು ಚೆನ್ನಾಗಿದ್ದಾಳೆ. ಇವತ್ತಿಗೆ ಐದು ವಾರ. ಪಕ್ಕದ ಮನೆಯ ಬಾಣಂತಿ ತನ್ನ ಮಗುವಿನ ಜೊತೆ ಇವಳಿಗೂ ಹಾಲು ಕೊಡುತ್ತಿದ್ದಾಳೆ. ಕುಡಿದು ಮುಗಿಸಿದ ಮೇಲೆ ನಿನ್ನ ಹಾಗೆಯೇ ಹುಬ್ಬು ಗಂಟಿಕ್ಕಿಕೊಂಡು ಮಲಗುತ್ತಾಳೆ. ಹೆಸರು ಇನ್ನೂ ಇಟ್ಟಿಲ್ಲ.

ಟಾಬೆಟಾ ಅತ್ತಿಗೆ ಹೋದ ಸುದ್ದಿ ನಿನಗೆ ತಂತಿಯಲ್ಲಿ ಬಂತು. "ಹೆರಿಗೆಯಲ್ಲಿ ತೀರಿಕೊಂಡರು, ಮಗು ಕ್ಷೇಮ" ಎಂದಷ್ಟೇ ಕಳಿಸಲು ಆಯಿತು. ಹೇಗೆ, ಏಕೆ ಎಂದು ನೀನು ತಂತಿಯಲ್ಲೇ ಕೇಳಿದ್ದೀಯ. ಇಲ್ಲಿ ಬೇರೆ ಯಾರೂ ನಿನಗೆ ಅದನ್ನು ಬರೆಯುವುದಿಲ್ಲ. ನನ್ನ ಮೇಲಿನ ಮರ್ಯಾದೆಗೆ ಸುಮ್ಮನಿದ್ದಾರೆ. ಆದ್ದರಿಂದ ನಾನೇ ಬರೆಯಬೇಕು.

ನವೆಂಬರಿನಲ್ಲಿ ಜನಗಣತಿ ಬಂತು. ಶಾಲೆಯ ಟೀಚರ್ ಎಂದು ನಮ್ಮ ದ್ವೀಪದ ಲೆಕ್ಕ ನನಗೇ ಬಿತ್ತು. ರಾಜಧಾನಿಯಿಂದ ಉರಿಯಾಮ್ ಎಂಬ ಅಧಿಕಾರಿ ಕಾಗದಗಳ ಪೆಟ್ಟಿಗೆ ಹೊತ್ತು ಬಂದಿದ್ದ. ಬೈಬಲ್ ಮೇಲೆ ನನ್ನ ಕೈ ಇಡಿಸಿ ಪ್ರಮಾಣ ಮಾಡಿಸಿದ. ಆ ದಿನ ದ್ವೀಪದ ಮೇಲೆ ಇರುವವರನ್ನು ಮಾತ್ರ ಬರೆಯಬೇಕು, ಹೊರಗಿದ್ದವರನ್ನು ಬರೆಯಬಾರದು ಎಂದ. ಮೂರು ದಿನ ಮನೆಮನೆ ಸುತ್ತಿದೆ. ಸೂರು ಗರಿಯದೋ ತಗಡಿನದೋ, ಬಾವಿ ನೀರು ಉಪ್ಪೋ ಸಿಹಿಯೋ, ಹಂದಿ ಎಷ್ಟು, ದೋಣಿ ಎಷ್ಟು, ಮನೆಯಲ್ಲಿ ಯಾರ ಸಂಪಾದನೆ, ಕೊಬ್ಬರಿಯದೋ ಹಡಗಿನದೋ. ಹತ್ತಿರದ ಬಸ್ ನಿಲ್ದಾಣ ಎಷ್ಟು ದೂರ ಎಂದೂ ಒಂದು ಪ್ರಶ್ನೆ ಇತ್ತು. ಹಿರಿಯ ಬ್ವೆರೆಟಿ ಅಜ್ಜ ತಂಬಾಕು ಸುತ್ತುತ್ತಾ, "ಮುನ್ನೂರು ಮೈಲಿ ಅಂತ ಬರ್ಕೊ ತಾಯಿ, ಮಧ್ಯ ಒಂಚೂರು ನೀರಿದೆ ಅಷ್ಟೇ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಕೂಡಿಸಿದರೆ ನೂರ ನಲವತ್ತೇಳು ಬಂತು. ಎರಡು ಸಲ ಕೂಡಿಸಿದೆ. ನೂರೈವತ್ತಕ್ಕಿಂತ ಕಡಿಮೆ ಇರುವ ದ್ವೀಪಕ್ಕೆ ಇನ್ನು ಮೇಲೆ ಕಾಯಂ ನರ್ಸ್ ಇರುವುದಿಲ್ಲ, ಸರಕಿನ ಹಡಗೂ ಎರಡು ತಿಂಗಳಿಗೊಮ್ಮೆ ಎಂದು ಉರಿಯಾಮನೇ ಬಾಯಿಬಿಟ್ಟಿದ್ದ. ಸುದ್ದಿ ಹರಡಿತು. ಹಿರಿಯರೆಲ್ಲ ಸಭಾಮನೆಯಲ್ಲಿ ಕೂತು ನನ್ನನ್ನು ಕರೆಸಿದರು. ಗಂಡಸರು ಕೂತ ಜಾಗದಲ್ಲಿ ನನ್ನಂಥವಳು ಮಾತಾಡುವ ಪದ್ಧತಿ ಇಲ್ಲ, ನಿನಗೇ ಗೊತ್ತು. ಆದರೂ ನನಗೆ ಮುಂದಿನ ಸಾಲಿನಲ್ಲೇ ಚಾಪೆ ಹಾಕಿದ್ದರು. ಬ್ವೆರೆಟಿ ಅಜ್ಜ ಬಹಳ ಮೆತ್ತಗೆ ಹೇಳಿದ: "ಮೂರೇ ಮೂರು ಜನ ತಾಯಿ. ನಮ್ಮ ಹುಡುಗ್ರು ಹನ್ನೊಂದು ಜನ ಹಡಗಲ್ಲಿದಾರೆ. ಅವರೇನು ಬೇರೆಯವರಾ? ಸತ್ತರೆ ಹೂಳೋದು ಇಲ್ಲೇ ತಾನೆ?" ಅಂದು ಸಂಜೆ ಅತ್ತಿಗೆಯೂ ಅಡುಗೆಗುಡಿಸಲಿನ ಹೊರಗೆ ಮೀನು ಕೆರೆಯುತ್ತಾ ಹೇಳಿದಳು. ಆಗ ಅವಳಿಗೆ ಆರು ತಿಂಗಳು. "ನಿಮ್ಮಣ್ಣನ್ನ ಬರ್ಕೊಳ್ಳೇ. ಅವರ ಚಾಪೆ ದಿನಾ ಹಾಸ್ತೀನಿ, ದಿನಾ ಸುತ್ತಿಡ್ತೀನಿ. ಹಾಸಿದ ಚಾಪೆ ಲೆಕ್ಕಕ್ಕೆ ಬರಲ್ವಾ?"

ನಾನು ಬರೆಯಲಿಲ್ಲ ಅಣ್ಣಾ. ಬೈಬಲ್ ಮುಟ್ಟಿದ್ದೇನೆ, ನಕಲು ಮಾಡುವ ಮಕ್ಕಳಿಗೆ ಬೆತ್ತ ತೋರಿಸುವ ನಾನೇ ಸುಳ್ಳು ಬರೆಯಲಾ ಎಂದು ಎಲ್ಲರಿಗೂ ಹೇಳಿದೆ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ತಪ್ಪಿಲ್ಲದೆ ಲೆಕ್ಕ ಒಪ್ಪಿಸಿದವರಿಗೆ ರಾಜಧಾನಿಯಲ್ಲಿ ಕೆಲಸ ಸಿಗುತ್ತದೆ, ನನ್ನ ಹೆಸರನ್ನು ತಾನೇ ಮುಂದೆ ಮಾಡುತ್ತೇನೆ ಎಂದು ಉರಿಯಾಮ್ ಹೇಳಿದ್ದ. ಸಂಜೆ ದೀಪಕ್ಕೆ ಎಣ್ಣೆ ಹುಡುಕದೆ, ನಲ್ಲಿ ತಿರುಗಿಸಿದರೆ ನೀರು ಬರುವ ಕಡೆ ಇರಬೇಕೆಂದು ನನಗೂ ಆಸೆ ಇತ್ತು. ಮೂವತ್ತೆರಡು ವರ್ಷ ಇದೇ ಮರಳಿನ ಮೇಲೆ ನಡೆದಿದ್ದೇನೆ. ಯಾರಾದರೂ ಬಂದು ಮತ್ತೆ ಎಣಿಸಿದರೆ ಎಂಬ ಭಯಕ್ಕೆ ನೂರ ನಲವತ್ತೇಳು ಎಂದೇ ಬರೆದು ಸಹಿ ಮಾಡಿದೆ. ಇದನ್ನು ಅಮ್ಮನಿಗೂ ಹೇಳಿಲ್ಲ, ನಿನಗೇ ಮೊದಲು ಹೇಳುತ್ತಿದ್ದೇನೆ.

ಜನವರಿಯ ಹಡಗಿನಲ್ಲಿ ನರ್ಸ್ ಮರೆಟಾ ಹೊರಟಳು. ಔಷಧಿ ಪೆಟ್ಟಿಗೆಯನ್ನು ಲೆಕ್ಕದಂತೆ ವಾಪಸು ಒಯ್ಯಬೇಕಿತ್ತು. ಆದರೂ ಒಂದು ಕತ್ತರಿ, ಎರಡು ಸುರುಳಿ ಬಟ್ಟೆ, ಅರ್ಧ ಬಾಟಲಿ ಡೆಟಾಲ್ ಪಾದ್ರಿಯ ಹೆಂಡತಿಯ ಕೈಲಿ ಇಟ್ಟುಹೋದಳು. ಅತ್ತಿಗೆಯ ಹೊಟ್ಟೆ ಮುಟ್ಟಿ, "ಮುಂದಿನ ತಿಂಗಳ ಹಡಗಿಗೆ ಇವಳನ್ನ ಆಸ್ಪತ್ರೆಗೆ ಕಳಿಸಿ, ಇಲ್ಲೇ ಇಟ್ಕೋಬೇಡಿ" ಎಂದಿದ್ದಳು. ಮುಂದಿನ ತಿಂಗಳು ಹಡಗೇ ಇರಲಿಲ್ಲ.

ಫೆಬ್ರವರಿ ಎಂಟರಂದು ಬೆಳಿಗ್ಗೆ ಅವಳಿಗೆ ನೋವು ಬಂತು. ಲೆಕ್ಕಕ್ಕಿಂತ ಸ್ವಲ್ಪ ಮುಂಚೆಯೇ. ಹತ್ತೂವರೆಗೆ ಮಗು ಹುಟ್ಟಿತು, ಜೋರಾಗಿ ಅತ್ತಿತು, ಅಮ್ಮ ಸಂತೋಷಕ್ಕೆ ಕೂಗಿಕೊಂಡಳು. ಆಮೇಲೆ ರಕ್ತ ನಿಲ್ಲಲಿಲ್ಲ. ಪಾದ್ರಿಯ ಹೆಂಡತಿ ಒತ್ತಿ ಹಿಡಿದಳು, ಬಟ್ಟೆ ಬದಲಿಸಿದಳು, ಮನೆಯಲ್ಲಿದ್ದ ಲುಂಗಿಗಳೆಲ್ಲ ಮುಗಿದವು. ನಾನು ಚರ್ಚಿನ ರೇಡಿಯೊದಲ್ಲಿ ಪಕ್ಕದ ದ್ವೀಪವನ್ನು ಕರೆದೆ. ಅಲ್ಲಿಯ ನರ್ಸ್ ಮೋಟಾರ್ ದೋಣಿಯಲ್ಲಿ ತಕ್ಷಣ ಹೊರಟಳು. ಆದರೆ ನಲವತ್ತು ಮೈಲಿ. ದೋಣಿ ಬಂದಾಗ ನಾಲ್ಕು ಗಂಟೆ, ನೀರು ಪೂರ್ತಿ ಇಳಿದಿತ್ತು. ದೋಣಿ ಹವಳದ ದಿಬ್ಬದ ಆಚೆಯೇ ನಿಂತಿತು. ನಾಲ್ಕು ಜನ ಚಾಪೆಯ ನಾಲ್ಕು ಮೂಲೆ ಹಿಡಿದು ಅತ್ತಿಗೆಯನ್ನು ಹೊತ್ತು ಹವಳದ ಮೇಲೆ ನಡೆದರು. ಅವರ ಕಾಲು ಕುಯ್ದುಹೋಯಿತು. ಬಿಸಿಲು ಬೀಳದಂತೆ ನಾನು ಅವಳ ಮುಖಕ್ಕೆ ಬೀಸಣಿಗೆ ಹಿಡಿದಿದ್ದೆ. ನರ್ಸ್ ಆ ಕಡೆಯಿಂದ ಸೊಂಟದುದ್ದ ನೀರಿಗೆ ಇಳಿದು, ಹವಳ ಹತ್ತಿ ಓಡಿಬರುತ್ತಿದ್ದಳು. ಅರ್ಧ ದಾರಿಯಲ್ಲಿ ಅತ್ತಿಗೆ ಕಣ್ಣು ಬಿಟ್ಟು, "ನಿಮ್ಮಣ್ಣನಿಗೆ ಗಾಬರಿ ಆಗೋ ಹಾಗೆ ಬರೀಬೇಡ ಕಣೇ" ಎಂದಳು. ನರ್ಸ್ ಬಂದು ಕೈ ಹಿಡಿದು ನೋಡಿದಳು. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಬೇಗ ಸಿಕ್ಕಿದ್ದರೆ ಒಂದು ಸೂಜಿಯಲ್ಲಿ ರಕ್ತ ನಿಲ್ಲುತ್ತಿತ್ತು ಎಂದು ಅವಳು ಪಾದ್ರಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು.

ಹೂಳುವಾಗ ಊರೆಲ್ಲ ಬಂದಿತ್ತು. ನನ್ನನ್ನು ಒಬ್ಬರೂ ಬೈಯಲಿಲ್ಲ. ಬ್ವೆರೆಟಿ ಅಜ್ಜ ಅಂದಿನಿಂದ ನನ್ನ ಜೊತೆ ಹವಾಮಾನದ ಮಾತು ಮಾತ್ರ ಆಡುತ್ತಾನೆ. ಅಮ್ಮ ನಾಲ್ಕನೆಯ ದಿನ ತೆಂಗಿನಕಾಯಿ ತುರಿಯುತ್ತಾ, "ನೀನು ಬರೆದ ಲೆಕ್ಕ ಸರಿಯಾಗೇ ಇತ್ತಲ್ವಾ?" ಎಂದು ಕೇಳಿದಳು. ಹೌದು ಎಂದೆ. ಮತ್ತೆ ತುರಿಯತೊಡಗಿದಳು.

ಗಾಬರಿ ಆಗುವ ಹಾಗೆಯೇ ಬರೆದಿದ್ದೇನೆ. ಅತ್ತಿಗೆ ಕೇಳಿದ ಒಂದು ಮಾತನ್ನೂ ನಡೆಸಿಕೊಡಲಿಲ್ಲ. ಆದರೆ ಕಾಲ ಕಳೆದ ಮೇಲೆ ಇನ್ನೊಬ್ಬರ ಬಾಯಿಂದ ಇದು ನಿನಗೆ ತಿಳಿಯಬಾರದು. ಅಮ್ಮ ನಿನ್ನ ಹಣೆಗೆ ಮುತ್ತು ಕಳಿಸಿದ್ದಾಳೆ. ಬಿಸಿ ಎಂಜಿನ್ ಹತ್ತಿರ ಮೈಮರೆತು ನಿಲ್ಲಬೇಡ. ದೇವರು ನಿನ್ನನ್ನು ನೀರಿನ ಮೇಲೆ ಎತ್ತಿ ಹಿಡಿಯಲಿ.

ನಿನ್ನ ತಂಗಿ,
ರಿಟೇಟಿ

ಮರೆತ ಮಾತು: ಹಡಗು ಬಂದಿದೆ, ಕೊಬ್ಬರಿ ಮೂಟೆ ಏರಿಸುತ್ತಿದ್ದಾರೆ, ಅವಸರದಲ್ಲಿ ಗೀಚುತ್ತಿದ್ದೇನೆ. ಅದೇ ಹಡಗಿನಲ್ಲಿ ಅತ್ತಿಗೆಯ ಅಕ್ಕ ಬಂದಿದ್ದಾಳೆ, ಮಗುವನ್ನು ತಮ್ಮ ದ್ವೀಪಕ್ಕೆ ಕರೆದೊಯ್ಯಲು. ತಾಯಿಯ ಕಡೆಯವರು ಕೇಳಿದರೆ ಇಲ್ಲ ಎನ್ನಲಾಗದು. ನಿನ್ನ ಕಾಗದ ಬರುವವರೆಗಾದರೂ ನನ್ನ ಹತ್ತಿರ ಬಿಡಿ ಎಂದು ಕೇಳಿದೆ. "ನಿನ್ನ ಕೈಗಾ?" ಎಂದಳು, ಅಷ್ಟೇ. ಮಗುವನ್ನು ಕೊಟ್ಟುಬಿಟ್ಟೆ. ರಾಜಧಾನಿಯ ಕೆಲಸದ ಪತ್ರವೂ ಇದೇ ಹಡಗಿನಲ್ಲಿ ಬಂದಿದೆ. ನಾನು ಹೋಗುವುದಿಲ್ಲ ಎಂದು ಬರೆದು ಕೊಟ್ಟಿದ್ದೇನೆ. ಮಗಳ ಹೆಸರನ್ನು ಅವರ ವಿಳಾಸಕ್ಕೆ ಬರೆದು ಕಳಿಸು. ನಾನೇ ಹೋಗಿ ಅವಳನ್ನು ಕರೆತಂದು ಸಾಕಬೇಕು ಎಂದು ನಿನಗೆ ಅನಿಸಿದರೆ ನನಗೆ ಒಂದೇ ಸಾಲು ಬರೆ, ಸಿಕ್ಕ ದೋಣಿ ಹತ್ತುತ್ತೇನೆ. ನೀನು ಏನನ್ನೂ ಬರೆಯದಿದ್ದರೆ, ನಾನು ಮತ್ತೆ ಕೇಳುವುದಿಲ್ಲ.