ಬಟನ್ ಸಂದಿಯ ಟಿಕೆಟ್

ಮಾರ್ಚ್ ೩, ಬೆಳಿಗ್ಗೆ ೮

ಮೊದಲ ಖಾಲಿ ಡಬ್ಬಿ ಗುಡ್ಡದ ಮೇಲೆ ಹೋಗಿ ಬಂತು. ಹಗ್ಗ ಸರಿ, ಬ್ರೇಕ್ ಸರಿ, ನನ್ನ ಸೊಂಟ ಮಾತ್ರ ಸರಿಯಿಲ್ಲ. ಈ ರೋಪ್‌ವೇ ಕಂಪನಿ ಹದಿನಾಲ್ಕು ವರ್ಷದಲ್ಲಿ ಮೋಟಾರು ಬದಲಿಸಿತು, ಹಗ್ಗ ಬದಲಿಸಿತು. ಆಪರೇಟರ್ ಕುರ್ಚಿ ಅದೇ.

ಹೊಸ ಸಾಫ್ಟ್‌ವೇರ್ ಬಂದು ಎರಡು ತಿಂಗಳು. ಗಾಳಿ ಹೆಚ್ಚಿದರೆ ಕೂಗುತ್ತದೆ. ಇಪ್ಪತ್ತು ಸೆಕೆಂಡಿನೊಳಗೆ ಹಳದಿ ಬಟನ್ ಒತ್ತಿ 'ನೋಡಿದ್ದೇನೆ' ಅನ್ನಬೇಕು. ಇಲ್ಲದಿದ್ದರೆ ತಾನೇ ಹಗ್ಗ ನಿಲ್ಲಿಸುತ್ತದೆ. ಮೊದಲ ವಾರ ಒಂದೇ ದಿನ ನಲವತ್ತೊಂದು ಸಲ ಕೂಗಿತು — ಒಮ್ಮೆ ಸೆನ್ಸರ್ ಮೇಲೆ ಕಾಗೆ ಕೂತದ್ದಕ್ಕೆ.

ಉಪಾಯ ದೊಡ್ಡಣ್ಣನದು. ಮೆಕ್ಯಾನಿಕ್, ನನಗೆ ಕೆಲಸ ಕಲಿಸಿದವರು. ಹಳೆ ಟಿಕೆಟ್ ನಾಲ್ಕು ಮಡಿಕೆ ಮಡಿಚಿ, ಬಟನ್ ಒತ್ತಿ, ಪಕ್ಕದ ಸಂದಿಗೆ ತುರುಕುವುದು. ಮೇಲೆ ಏಳುವುದಿಲ್ಲ, ಕೂಗುವುದೂ ಇಲ್ಲ.

"ಅದು ಏನೇ ಅಂದ್ರೂ ಹೂಂ ಅಂತಿದ್ರೆ ಆಯ್ತು ತಂಗಿ. ಸಂಸಾರದಲ್ಲಿ ನಾನು ಇರೋ ಹಾಗೆ."

ಈಗ ಎಲ್ಲ ಪಾಳಿಯವರೂ ಇದನ್ನೇ ಮಾಡುತ್ತಾರೆ. ಗಾಳಿ ನೋಡಲು ಕಿಟಕಿಯಿದೆ, ಹೊರಗೆ ಬಾವುಟವಿದೆ. ಕಣ್ಣಿದೆ.

ಮಾರ್ಚ್ ೫, ಮಧ್ಯಾಹ್ನ

ಮ್ಯಾನೇಜರ್ ಫಾರಂ ಹಂಚಿದರು. ಹಗ್ಗ ನಿಲ್ಲಿಸುವ ತೀರ್ಮಾನ ಪೂರ್ತಿ ಸಾಫ್ಟ್‌ವೇರ್‌ಗೇ ಬಿಡಬಹುದೇ? ಅಭಿಪ್ರಾಯ ಬರೆಯಿರಿ. 'ಬೇಡ' ಎಂದು ದಪ್ಪಗೆ ಬರೆದೆ. ಕಾಗೆಗೂ ಬಿರುಗಾಳಿಗೂ ವ್ಯತ್ಯಾಸ ಗೊತ್ತಿಲ್ಲದ್ದಕ್ಕೆ ಜನರ ಜೀವ ಕೊಡುವುದೇ?

ಆ ಸಾಫ್ಟ್‌ವೇರ್ ಮಾಡಿದ ಇಂಜಿನಿಯರ್ ಮೇಡಂ ಕೂಡ ಬಂದಿದ್ದರು. ಸಣ್ಣ ವಯಸ್ಸು, ದೊಡ್ಡ ಕನ್ನಡಕ. "ಏನಾದ್ರೂ ತೊಂದ್ರೆ ಇದ್ಯಾ?" ಎಂದು ಕೇಳಿದರು. "ಏನಿಲ್ಲ ಮೇಡಂ" ಎಂದೆವು, ಎಲ್ಲರೂ ಒಟ್ಟಿಗೆ. ಅವರು ಬರುವ ಮೊದಲೇ ಟಿಕೆಟ್ ತೆಗೆದಿದ್ದೆ. ಹೋದ ಮೇಲೆ ಮತ್ತೆ ತುರುಕಿದೆ.

ಮಾರ್ಚ್ ೧೧, ಸಂಜೆ

ಎರಡು ದಿನ ಪೆನ್ನು ಹಿಡಿಯಲಾಗಲಿಲ್ಲ.

ಮೊನ್ನೆ ಹತ್ತೂವರೆಗೆ ದೊಡ್ಡಣ್ಣ ಗ್ರೀಸ್ ಡಬ್ಬ ಹಿಡಿದು ಮೂರನೇ ಕಂಬದ ಗಾಲಿ ನೋಡಲು ಡಬ್ಬಿ ಹತ್ತಿ ಹೊರಟರು. ಬಾವುಟ ಜೋತುಬಿದ್ದಿತ್ತು. ಕೈಬೀಸಿ ಕಳಿಸಿದೆ. ಕಂಬವಿರುವುದು ಎರಡು ಗುಡ್ಡಗಳ ನಡುವೆ... ಅಲ್ಲಿ ಗಾಳಿ ಎದ್ದಿತ್ತು. ಇಲ್ಲಿ ಎಲೆ ಅಲುಗಿರಲಿಲ್ಲ. ಕಿಟಕಿಯಿಂದ ಕಂಡಾಗ ಅವರ ಡಬ್ಬಿ ಆಗಲೇ ವಾಲಿತ್ತು. ಹಗ್ಗ ನಿಲ್ಲಿಸುವ ಕೆಂಪು ಬಟನ್ ಗುದ್ದಿದೆ. ಅಷ್ಟರಲ್ಲಿ ಕಂಬಕ್ಕೆ ಬಡಿದಾಗಿತ್ತು.

ಹೆಗಲಿನ ಮೂಳೆ ಎರಡು ಕಡೆ ಮುರಿದಿದೆ. ಜೀವಕ್ಕೆ ಅಪಾಯವಿಲ್ಲ ಎಂದರು ಡಾಕ್ಟರು. ಉಳಿದ ಡಬ್ಬಿಗಳ ಜನ ಕ್ಷೇಮ.

ಆಂಬುಲೆನ್ಸ್‌ಗೆ ಫೋನ್ ಮಾಡಿದೆ. ಆಮೇಲೆ ಟಿಕೆಟ್ ಕಿತ್ತು ಜೇಬಿಗೆ ಹಾಕಿಕೊಂಡೆ. ಯಾರೂ ಹೇಳಿಕೊಡಲಿಲ್ಲ, ಕೈ ತಾನೇ ಮಾಡಿತು. ಈಗ ಅದು ಈ ಪುಸ್ತಕದ ಹಾಳೆಗಳ ನಡುವೆ ಇದೆ.

"ಅಲಾರಂ ಬಂದಾಗ ಬಟನ್ ಒತ್ತಿದ್ರಾ?" ಎಂದು ಕೇಳಿದರು ಮ್ಯಾನೇಜರ್.

"ಇಲ್ಲ ಸರ್."

ಸುಳ್ಳಲ್ಲ. ಆಗ ಒತ್ತಲಿಲ್ಲ. ಬೆಳಿಗ್ಗೆ ಎಂಟಕ್ಕೇ ಒತ್ತಿಟ್ಟಿದ್ದೆ.

ಮಾರ್ಚ್ ೧೨, ಸಂಜೆ

ಮೇಡಂ ಇಡೀ ದಿನ ನನ್ನ ಪಕ್ಕದಲ್ಲೇ ಕೂತು ಲ್ಯಾಪ್‌ಟಾಪ್ ಕೆದಕಿದರು. ಊಟದ ಡಬ್ಬಿ ತೆರೆಯಲಿಲ್ಲ.

"ಅಕ್ಕ, ಎಚ್ಚರಿಕೆ ಬಂದ ಕ್ಷಣಕ್ಕೇ 'ನೋಡಿದ್ದೇನೆ' ಅಂತ ದಾಖಲಾಗಿದೆ. ಸೊನ್ನೆ ಸೆಕೆಂಡು. ಅಷ್ಟು ಬೇಗ ಯಾವ ಕೈಗೂ ಒತ್ತೋಕಾಗಲ್ಲ. ನನ್ನ ಪ್ರೋಗ್ರಾಮೇ ತನಗೆ ತಾನೇ ಒಪ್ಪಿಗೆ ಕೊಟ್ಕೊಂಡಿದೆ. ಎಲ್ಲಿ ತಪ್ಪಿದೆ ಅಂತ ಸಿಗ್ತಾ ಇಲ್ಲ."

ಕಾಫಿ ತಂದುಕೊಟ್ಟೆ. ನನ್ನಿಂದಾದ ಸಹಾಯ ಅಷ್ಟು! ಸೋಮವಾರದೊಳಗೆ ಕಾರಣ ಸಿಗದಿದ್ದರೆ ಅವರ ಕೆಲಸ ಹೋಗುತ್ತದಂತೆ.

ಮಾರ್ಚ್ ೧೩, ಮಧ್ಯಾಹ್ನ

ಆಸ್ಪತ್ರೆ. ದೊಡ್ಡಣ್ಣ ಬ್ಯಾಂಡೇಜಿನೊಳಗಿಂದಲೇ ಕೇಳಿದರು, "ಟಿಕೆಟ್ ತೆಗೆದ್ಯಾ?"

"ತೆಗೆದೆ."

"ಬಾಯಿ ಮುಚ್ಕೊಂಡಿರು. ನಿನ್ನ ಮಗಳ ಓದು ಮುಗೀಲಿ. ಕಲಿಸಿದ್ದು ನಾನೇ, ಏಟೂ ನನಗೇ ಬಿತ್ತು. ಅಲ್ಲಿಗೆ ಸರಿಹೋಯ್ತು."

ಆಮೇಲೆ ಗೋಡೆಯ ಕಡೆ ತಿರುಗಿದರು.

"ಆ ಕನ್ನಡಕದ ಹುಡುಗಿ ಬಂದಿದ್ಲು. ನನ್ನಿಂದ ನಿಮಗೆ ಹೀಗಾಯ್ತು, ಕ್ಷಮಿಸಿ ಅಂತ ಅತ್ಲು. ನಾನು ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಕೊಂಡೆ, ತಂಗಿ."

ಅವರ ಹೊದಿಕೆ ಸರಿಮಾಡಿ ಎದ್ದು ಬಂದೆ.

ಮಾರ್ಚ್ ೧೪, ಬೆಳಿಗ್ಗೆ ೭

ಮಗಳಿಗೆ ಎಲ್ಲ ಹೇಳಿದೆ. "ಹೋಗಿ ಹೇಳಮ್ಮ" ಎಂದಳು. ಟಿಕೆಟ್ ತೆಗೆದುಕೊಂಡಿದ್ದೇನೆ.

ಅದೇ ದಿನ, ಮಧ್ಯಾಹ್ನ

ಹೇಳಿದೆ. ಬಟನ್ ಒತ್ತಿ, ಟಿಕೆಟ್ ತುರುಕಿ, ತೋರಿಸಿದೆ. ಮೇಡಂ ಮೊದಲು ನಕ್ಕರು, ಆಮೇಲೆ ಕನ್ನಡಕ ತೆಗೆದು ಅತ್ತರು.

"ನಾನು ಬಂದು ಕೇಳಿದಾಗ್ಲೇ ಯಾಕೆ ಹೇಳ್ಲಿಲ್ಲ ಅಕ್ಕ?"

"ಹೇಳಿದ್ರೆ ಸರಿ ಮಾಡ್ತೀರಿ ಅಂತ ಅನ್ನಿಸ್ಲಿಲ್ಲ ಮೇಡಂ."

"ದಿನಕ್ಕೆ ನಲವತ್ತು ಸಲ ಕೂಗಿದ್ರೆ ನಾನೂ ಏನಾದ್ರೂ ತುರುಕ್ತಿದ್ನೇನೋ" ಎಂದರು.

ಬೈದಿದ್ದರೆ ಹಗುರವಾಗುತ್ತಿತ್ತು. ಈ ಯಂತ್ರ ನಮ್ಮ ಮಾತು ಕೇಳುವುದಿಲ್ಲ ಎಂದು ಎರಡು ತಿಂಗಳು ಬೈದವಳು ನಾನು. ಅದು ಕೇಳಿತ್ತು. ಟಿಕೆಟ್ಟನ್ನೇ ನನ್ನ ಕೈ ಎಂದು ನಂಬಿ ಸುಮ್ಮನಿತ್ತು. ನನಗೆ ನಾಚಿಕೆಯಾಗಿದೆ.

ಒಂದು ತಿಂಗಳು ಸಸ್ಪೆಂಡ್.

ಏಪ್ರಿಲ್ ೧೬

ವಾಪಸ್ ಕರೆದರು. ಮೂರನೇ ಕಂಬಕ್ಕೆ ಬೇರೆ ಸೆನ್ಸರ್ ಬಂದಿದೆ. ಯಾವಾಗ ಸುಮ್ಮನೆ ಕೂಗುತ್ತದೆ ಎಂದು ನಮ್ಮನ್ನೇ ಕೂರಿಸಿಕೊಂಡು ಕೇಳಿ ಮೇಡಂ ಸರಿಮಾಡಿದ್ದಾರೆ. ಈಗ ದಿನಕ್ಕೆ ಒಂದೆರಡು ಸಲ ಅಷ್ಟೆ.

ಫಾರಂ ಮತ್ತೆ ಕೊಟ್ಟರು. ನಾನು ಬರೆದದ್ದು: ನಿಲ್ಲಿಸುವುದು ಅದಕ್ಕಿರಲಿ, ಕೇಳದೆ ನಿಲ್ಲಿಸಲಿ. ಮತ್ತೆ ಓಡಲು ಬಿಡುವುದು ನಮಗಿರಲಿ. ಹಾಗೆಯೇ ಆಯಿತು.

ಏಪ್ರಿಲ್ ೨೨, ಬೆಳಿಗ್ಗೆ ೧೧.೨೦

ಹಗ್ಗ ನಿಂತಿದೆ. ತಾನೇ ನಿಲ್ಲಿಸಿತು. ಆರು ಡಬ್ಬಿಗಳಲ್ಲಿ ಹತ್ತೊಂಬತ್ತು ಜನ. ಇಪ್ಪತ್ತನೆಯವರು ದೊಡ್ಡಣ್ಣ — ಕೆಲಸಕ್ಕೆ ಮರಳಿದ ಮೊದಲ ದಿನವೇ ಗ್ರೀಸ್ ಡಬ್ಬ ಹಿಡಿದು ಮೂರನೇ ಕಂಬಕ್ಕೆ ಹೊರಟಿದ್ದರು. ಬೇಡವೆಂದರೂ ಕೇಳಲಿಲ್ಲ.

ಮೈಕಿನಲ್ಲಿ ಹೇಳಿದೆ, "ಗಾಳಿ ಇದೆ, ಕೂತಿರಿ, ನಾನು ನೋಡ್ತಾ ಇದ್ದೀನಿ."

೧೧.೩೧. ತೆರೆಯ ಮೇಲೆ ಹಸಿರು ಬಂತು. ಮ್ಯಾನೇಜರ್ ಬಾಗಿಲಲ್ಲಿ, "ಬಿಡ್ರಿ, ಕ್ಯೂ ಬೆಳೀತಿದೆ." ಬಾವುಟವೂ ಜೋತುಬಿದ್ದಿದೆ. ಅಂದಿನ ಹಾಗೆಯೇ.

ದೊಡ್ಡಣ್ಣನಿಗೆ ಫೋನ್ ಮಾಡಿದೆ. "ಡಬ್ಬಿ ಇನ್ನೂ ತೂಗ್ತಿದೆ ತಂಗಿ. ತಡಿ."

ತಡೆದಿದ್ದೇನೆ. ಬಟನ್ ಮೇಲೆ ಕೈ ಹೋಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಮ್ಯಾನೇಜರ್ ಎರಡು ಸಲ ಗಡಿಯಾರ ನೋಡಿದರು. ನೋಡಲಿ.

೧೧.೩೮. ಫೋನ್. "ಈಗ ನಿಂತಿತು. ಬಿಡು."

ತೆರೆ ಹಸಿರು. ಬಾವುಟ ಸರಿ. ಇನ್ನೊಮ್ಮೆ ತೆರೆ. ಬಟನ್ ಸಂದಿಯಲ್ಲಿ ಏನೂ ಇಲ್ಲ. ಬರೆಯುವ ಕೈಯೇ ಒತ್ತುವ ಕೈ, ಪೆನ್ನು ಕೆಳಗಿಡುತ್ತೇನೆ.