ಹನ್ನೊಂದನೇ ಚೌಕ

ಯರಗುಪ್ಪಿ
೧೨ ಜನವರಿ ೧೯೭೬, ಸೋಮವಾರ

ಇವತ್ತು ಹದಿನಾಲ್ಕು ಮನೆ. ಶಾಲೆ ಬಿಟ್ಟ ಮೇಲೆ ಗಣತಿ, ಗಣತಿ ಮುಗಿಸಿ ಒಲೆ. ಕಾಲು ಸೋತುಹೋಗಿವೆ.

ಕುಟುಂಬ ಮಾಹಿತಿ ಫಾರ್ಮಂತೆ. ಮನೆಗೊಂದು. ಒಂದು ಚೌಕಕ್ಕೆ ಒಂದೇ ಅಂಕಿ. ಚೌಕದ ಹೊರಗೆ ಒಂದಕ್ಷರ ಬರೆಯುವಂತಿಲ್ಲ. ಇದನ್ನು ನೋಡಿ ಬೆಂಗಳೂರಿನಲ್ಲಿ ಕಾರ್ಡಿಗೆ ತೂತು ಹೊಡೆಯುತ್ತಾರೆ, ಆ ತೂತನ್ನು ಕಂಪ್ಯೂಟರ್ ಓದುತ್ತದೆ — ಸುಪರ್‌ವೈಜರ್ ಈರಬಸಪ್ಪನವರು ಟ್ರೇನಿಂಗಿನಲ್ಲಿ ಹೇಳಿದ್ದು. ಯಾತಕ್ಕೆ ಅಂತ ಕೇಳಿದೆ.

"ಮನಿ ಇಲ್ಲದವ್ರಿಗೆ ಮನಿ ಕೊಡಾಕ್ರಿ ಅಕ್ಕಾರ. ನೀವು ಅಂಕಿ ತುಂಬ್ರಿ."

ಊರವರಿಗೂ ಅದನ್ನೇ ಹೇಳುತ್ತಿದ್ದೇನೆ. ಅವರ ಮಕ್ಕಳಿಗೆ ಕಲಿಸುವವಳು ಹೇಳಿದರೆ ನಂಬುತ್ತಾರೆ.

೧೫ ಜನವರಿ, ಗುರುವಾರ

ಹೊಳೆಯಪ್ಪನ ಮನೆ. ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ಹೆಂಡತಿ ಸಣ್ಣವ್ವ ನಿನ್ನೆ ಸಂಕ್ರಾಂತಿಗೆ ಮಾಡಿದ ಸಿಹಿ ಮಾದ್ಲಿ ಕೊಟ್ಟಳು. ಇವನ ಅಣ್ಣ ಯಲ್ಲಪ್ಪ, ಅತ್ತಿಗೆ — ಇಬ್ಬರೂ ಒಂದೇ ವಾರದಲ್ಲಿ ವಾಂತಿಭೇದಿಗೆ ಹೋದವರು. ಸಾಯುವಾಗ ಅಣ್ಣ ನಾಲ್ಕು ಮಕ್ಕಳ ಕೈಯನ್ನೂ ಇವನ ಕೈಯಲ್ಲಿಟ್ಟ. ನಾಲ್ಕೂ ಈಗ ಇವನನ್ನೇ ಅಪ್ಪ ಅನ್ನುತ್ತವೆ.

ಹನ್ನೊಂದನೇ ಚೌಕ — ಮಕ್ಕಳು ಎಷ್ಟು.

"ನಾಕ್ರಿ."

"ಅವು ನಿಮ್ಮಣ್ಣನ ಮಕ್ಕಳಲ್ಲೇನೋ? ನಿನ್ನವು ಎಷ್ಟು ಹೇಳು."

ದೊಡ್ಡ ಹುಡುಗಿ ಹನಮವ್ವ ಬಾಗಿಲಲ್ಲೇ ನಿಂತಿದ್ದಳು. ಹೊಳೆಯಪ್ಪನಿಗೆ ಸಿಟ್ಟು ಬಂತು.

"ಹಂಗ ಕೇಳಬ್ಯಾಡ್ರಿ. ಮಕ್ಕಳ ಮುಂದ ಆಡೋ ಮಾತಲ್ಲ ಅದು. ನಾಕೂ ನನ್ನವ."

ನಮ್ಮಲ್ಲಿ ಹಾಗೆಯೇ. ಸತ್ತ ಅಣ್ಣನ ಮಕ್ಕಳನ್ನು ಬೇರೆ ಎಣಿಸಿದರೆ ಬೀದಿಗೆ ಹಾಕಿದ ಲೆಕ್ಕ. ಗೊತ್ತಿದ್ದೂ ಕೇಳಿದ್ದಕ್ಕೆ ನಾಚಿಕೆಯಾಯಿತು. ಬೇರೆ ಬರೆಯೋಣವೆಂದರೆ ಜಾಗವೂ ಇಲ್ಲ. ನಾಲ್ಕು ಅಂತ ತುಂಬಿದೆ. "ಮೇಲಿನದೆಲ್ಲ ಸತ್ಯ, ಖುದ್ದು ವಿಚಾರಿಸಿದ್ದೇನೆ" — ಅದರ ಕೆಳಗೆ ನನ್ನ ಸಹಿ.

ಅವನ ಮಾತು ಕೇಳಿ ದಾರಿಯುದ್ದಕ್ಕೂ ಖುಷಿಯಾಗಿತ್ತು.

೧೪ ಸೆಪ್ಟೆಂಬರ್, ಮಂಗಳವಾರ

ಎಂಟು ತಿಂಗಳು ಈ ಪುಸ್ತಕ ಮುಟ್ಟಿರಲಿಲ್ಲ. ಗಣತಿ ಇವತ್ತು ವಾಪಸು ಬಂತು. ಮನೆ ಬರಲಿಲ್ಲ. ಕಾಗದ ಬಂತು — ಸೀರೆ ಮಡಚಿದ ಹಾಗೆ ಮಡಚಿದ್ದು, ಎರಡೂ ಅಂಚಿಗೆ ತೂತು, ಎಲ್ಲಾ ಇಂಗ್ಲಿಷ್ ದೊಡ್ಡಕ್ಷರ. ಮೂರಕ್ಕಿಂತ ಹೆಚ್ಚು ಮಕ್ಕಳಿರುವ ಗಂಡಸರು. ಇಪ್ಪತ್ತಾರು ಹೆಸರು. ಮಕ್ಕಳಾಗದಂತೆ ಆಪರೇಷನ್ ಮಾಡಿಸಬೇಕಂತೆ. ಹತ್ತು ದಿನದಲ್ಲಿ ಕ್ಯಾಂಪು. ಮಂದಿ ಬರದಿದ್ದರೆ ನನಗೆ ವರ್ಗ — ಕಲಘಟಗಿ ಕಡೆ, ಅಡವಿಯೊಳಗಿನ ಶಾಲೆ.

ಹತ್ತೊಂಬತ್ತನೆಯ ಹೆಸರು ಹೊಳೆಯಪ್ಪ. ಮಕ್ಕಳು, ನಾಲ್ಕು.

ಉಳಿದ ಇಪ್ಪತ್ತೈದು ಮಂದಿಗೂ ನಾನು ಮನೆ ಅಂತಲೇ ಹೇಳಿದ್ದೆ…

೧೫ ಸೆಪ್ಟೆಂಬರ್, ಬುಧವಾರ

ಬಸ್ಸು ಹಿಡಿದು ಈರಬಸಪ್ಪನವರ ಆಫೀಸಿಗೆ ಹೋದೆ.

"ಹೊಳೆಯಪ್ಪಗ ತನ್ನದು ಅಂತ ಒಂದೂ ಕೂಸಿಲ್ರಿ ಸರ್."

"ಪಟ್ಟಿ ಕಂಪ್ಯೂಟರಿಂದ ಬಂದೈತ್ರಿ ಅಕ್ಕಾರ. ಅದು ತಪ್ಪಂಗಿಲ್ಲ."

"ತಪ್ಪಿದ್ದು ನಾನ್ರಿ. ಬರದಾಕಿ ನಾನು."

ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಂಗಿದ್ರ ಸುಳ್ಳು ತುಂಬೇನಿ ಅಂತ ಬರದು ಕಳಸ್ರಿ. ಕಾರ್ಡು ಬದಲಾದ್ರ ಹೆಸರು ಹೋಗ್ತೈತಿ. ಆದ್ರ ಕೆಳಗ ನಿಮ್ಮ ಸಹಿ ಐತಿ. ನೌಕರಿ ಹೋಗಬಹುದು. ಈಗಿನ ದಿನಮಾನದಾಗ ಒಳಗ ಹಾಕಿದ್ರೂ ಕೇಳವ್ರಿಲ್ಲ."

ಹೆದರಿಸಲು ಹೇಳಲಿಲ್ಲ ಅವರು. ನನ್ನ ಮೇಲಿನ ಮರುಕದಿಂದಲೇ ಹೇಳಿದರು. ಚಹಾನೂ ತರಿಸಿದರು.

೧೮ ಸೆಪ್ಟೆಂಬರ್, ಶನಿವಾರ

ಅರ್ಜಿ ಬರೆದಾಯಿತು. ಟ್ರಂಕಿನಲ್ಲಿದೆ. ಅವ್ವ ಹಾಸಿಗೆ ಹಿಡಿದು ಎರಡು ವರ್ಷ, ನಾನು ಬಿಟ್ಟರೆ ಅವಳಿಗೆ ಯಾರೂ ಇಲ್ಲ. ಸೋಮವಾರ ಅಂಚೆಗೆ ಹಾಕುತ್ತೇನೆ.

ಹೊಳೆಯಪ್ಪನ ಹತ್ತಿರ ಹೋಗಿ ಎಲ್ಲಾ ಹೇಳಿದೆ. ಕ್ಯಾಂಪಿನವರು ಕೇಳಿದರೆ, ಇವು ನನ್ನ ಮಕ್ಕಳಲ್ಲ ಅಂದುಬಿಡು, ಒಂದೇ ಒಂದು ಸಲ ಅಂದೆ. ಎತ್ತಿನ ಮೈ ತಿಕ್ಕುತ್ತಿದ್ದ. ಇನ್ನೊಂದು ಕೊಡ ನೀರು ಸುರಿದು ತಿಕ್ಕುತ್ತಲೇ ಹೋದ.

೨೧ ಸೆಪ್ಟೆಂಬರ್, ಮಂಗಳವಾರ

ಸೋಮವಾರ ಹಾಕಲಿಲ್ಲ.

೨೩ ಸೆಪ್ಟೆಂಬರ್, ಗುರುವಾರ, ಸಂಜೆ ಐದು

ಕ್ಯಾಂಪಿನ ಜೀಪು ಶಾಲೆಯ ಮುಂದೆಯೇ ನಿಂತಿತು. ನಾನು ಹಾಜರಿ ಕೂಗುವ ಹಾಗೆ ಹೆಸರು ಕೂಗಿದರು. ಹೊಳೆಯಪ್ಪನ ಸರದಿ ಬಂದಾಗ ಮುಂದೆ ಹೋಗಿ ಹೇಳಿದೆ — ಇವನಿಗೆ ಮಕ್ಕಳಿಲ್ಲ, ನಾನು ತಪ್ಪು ಬರೆದೆ. ಡಾಕ್ಟರು ಪಟ್ಟಿ ನೋಡಿದರು, ನನ್ನನ್ನು ನೋಡಿದರು. ಕೆಟ್ಟ ಮನುಷ್ಯ ಅಲ್ಲ. ಅವನನ್ನೇ ಕೇಳಿದರು.

"ನಿನಗ ಮಕ್ಕಳು ಅದಾವೋ ಇಲ್ಲೋ? ಇಲ್ಲ ಅನ್ನು, ಬಿಟ್ಟು ಬಿಡ್ತೇನಿ."

ಹನಮವ್ವ ಶಾಲೆಯ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಬಾಜುಕ್ಕೆ ಉಳಿದ ಮೂವರು. ಅವನು ಒಂದು ಸಲ ಆ ಕಡೆ ನೋಡಿದ.

"ನಾಕ್ ಅದಾವ್ರಿ."

ತಾನೇ ಹೋಗಿ ಜೀಪು ಹತ್ತಿದ. ಸಣ್ಣವ್ವ ಹೊಲದಲ್ಲಿದ್ದಳು, ಅವಳಿಗೆ ಗೊತ್ತೇ ಆಗಲಿಲ್ಲ.

ಜೀಪು ಹೋದ ಮೇಲೆ ಅರ್ಜಿ ಅಂಚೆಗೆ ಹಾಕಿ ಬಂದೆ. ಈಗ ಹಾಕಿದೆ. ನನ್ನ ಮೇಲೆ ನನಗೇ ಹೇಸಿಗೆ.

೬ ಜನವರಿ ೧೯೭೭, ಗುರುವಾರ

ನೌಕರಿ ಹೋಗಲಿಲ್ಲ. ಯಾರೂ ಏನೂ ಕೇಳಲೂ ಇಲ್ಲ. ಅಷ್ಟು ಹೆದರಿದ್ದೆಲ್ಲ ದಂಡ.

ಇವತ್ತು ಸಣ್ಣವ್ವ ಒಂದು ಲಕೋಟೆ ಹಿಡಿದು ಬಂದಳು, ಹನಮವ್ವನನ್ನು ಕರೆದುಕೊಂಡು. ಆ ದಿನದಿಂದ ಇವತ್ತೇ ನನ್ನ ಹತ್ತಿರ ಮಾತಾಡಿದ್ದು.

"ಬೆಂಗಳೂರಿಂದ ಬಂದೈತಂತ್ರಿ. ಓದ್ರಿ ಅಕ್ಕಾರ. ಮನಿ ಕೊಡತಾರಂತೇನು?"

ಅದೇ ಅಂಚಿಗೆ ತೂತಿನ ಕಾಗದ, ಅಂಗೈ ಅಗಲ. ಹೊಳೆಯಪ್ಪ, ಯರಗುಪ್ಪಿ. ಅರ್ಜಿಯಂತೆ ಮಾಹಿತಿ ತಿದ್ದಲಾಗಿದೆ. ಹನ್ನೊಂದು — ಮಕ್ಕಳು: ಸೊನ್ನೆ.

ಏನು ಹೇಳಲಿ ಅಂತ ಯೋಚಿಸುತ್ತಿದ್ದೆ. ಹನಮವ್ವ ಬಗ್ಗಿ ನೋಡಿದಳು. ಅವಳಿಗೆ ಅಂಕಿ ಕಲಿಸಿದವಳು ನಾನೇ. ಸೊನ್ನೆ ಕಾಣದಂತೆ ಅದರ ಮೇಲೆ ಬೆರಳಿಟ್ಟೆ, ಆದರೆ ಅವಳು ಆಗಲೇ ಓದಿಬಿಟ್ಟಿದ್ದಳು.