ಒಳಮುಖ ಮಾಡಿದ ಬ್ಯಾಡ್ಜ್

ಮೇ ೧೪, ಗುರುವಾರ

ಆ ಹೆಂಗಸಿನ ಮುಖ ಕಣ್ಣಿಂದ ಹೋಗುತ್ತಿಲ್ಲ.

ಮುಂದೆ ಮೆಡಿಕಲ್ ಓದುವಾಗ ಅನುಕೂಲವಾಗಲಿ ಎಂದು ಬೇಸಿಗೆ ರಜೆಗೆ ಈ ಆಸ್ಪತ್ರೆಯ ವಾರ್ಡಿಗೆ ಸೇರಿದವಳು ನಾನು. ನೀರು ತುಂಬಿಸುವುದು, ಗಾಲಿಕುರ್ಚಿ ತಳ್ಳುವುದು, ಅಷ್ಟೇ ಕೆಲಸ. ಬಿಳಿ ಕೋಟು ಕೊಟ್ಟರು, 'ಸ್ವಯಂಸೇವಕಿ' ಎಂಬ ಬ್ಯಾಡ್ಜನ್ನೂ ಕೊಟ್ಟರು. ಅಲ್ಪನಿಗೆ ಐಶ್ವರ್ಯ ಬಂದ ಹಾಗಾಯಿತು. ಮೂರನೇ ದಿನವೇ ಬ್ಯಾಡ್ಜನ್ನು ಒಳಮುಖ ಮಾಡಿಕೊಂಡೆ. ಎಲ್ಲರೂ 'ಡಾಕ್ಟ್ರೇ' ಅನ್ನುತ್ತಿದ್ದರು, ಹಿತವಾಗಿತ್ತು.

ಇವತ್ತು ಬೆಳಿಗ್ಗೆ ಆರನೇ ಬೆಡ್ಡಿನ ಅಜ್ಜನ ಮಗಳು ಕೇಳಿದಳು: "ಡಾಕ್ಟ್ರೇ, ಎರಡು ರಾತ್ರಿಯಿಂದ ಕಣ್ಣು ಮುಚ್ಚಿಲ್ಲ. ಮನೆಗೆ ಹೋಗಿ ಸ್ನಾನ ಮಾಡ್ಕೊಂಡು ಬರ್ಲಾ? ಅಪ್ಪಂಗೆ ಏನೂ ಆಗಲ್ಲ ಅಲ್ವಾ?"

"ಏನೂ ಆಗಲ್ಲ, ಹೋಗ್ಬನ್ನಿ" ಅಂದೆ, ಎಲ್ಲ ಬಲ್ಲವಳ ಹಾಗೆ.

ಹನ್ನೊಂದಕ್ಕೆ ಅಜ್ಜ ಹೋಗಿಬಿಟ್ಟರು. ಅದಕ್ಕೂ ಮೊದಲು ಎರಡು ಸಲ, "ಮಗಳೆಲ್ಲಿ?" ಎಂದು ನನ್ನನ್ನೇ ಕೇಳಿದರು.

ಅವಳು ಒದ್ದೆ ಕೂದಲಲ್ಲೇ ಓಡಿಬಂದಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನನ್ನ ಕೈ ಹಿಡಿದುಕೊಂಡು, "ನಿಮ್ದೇನೂ ತಪ್ಪಿಲ್ಲ ಡಾಕ್ಟ್ರೇ, ನಿಮ್ಮ ಕೈಲಾದಷ್ಟು ಮಾಡಿದ್ರಿ" ಅಂದಳು.

ಆಗಲೂ ನಾನು ಬ್ಯಾಡ್ಜ್ ತಿರುಗಿಸಲಿಲ್ಲ.